ಅನರ್ಹ ಪಿಂಚಣಿದಾರರನ್ನು ಎಐ ಹುಡುಕಿಕೊಟ್ಟರೆ ಕಚೇರಿ ಏನೇನು ನಿಯಮ ಇಟ್ಟುಕೊಳ್ಳಬೇಕು?

ನಮಸ್ಕಾರ. ನೀವು ಚಳ್ಳಕೆರೆ ಕಡೆ ವಿಷಯ ನಿರ್ವಾಹಕರು, ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ) ಮತ್ತು ವಿಧವಾ ವೇತನದ ಪಟ್ಟಿಯನ್ನು ಎಐ ತಂತ್ರಾಂಶದಲ್ಲಿ ಸೋಸುವ ಮಾತು ನಡೆದಿದೆ, ನಿಯಮದ ಕರಡು ನೀವೇ ಬರೆಯಬೇಕು ಅಂದಿದ್ದೀರಿ.

ಮೊದಲ ಸಾಲೇ ಹೀಗಿರಲಿ: ತಂತ್ರಾಂಶ ಕಡತವನ್ನು ಮೇಜಿಗೆ ತರಬಹುದು, ಮುಗಿಸುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಪ್ರಕಾರ ಆದೇಶದಿಂದ ಬಾಧಿತರಾದವರಿಗೆ ಕಾರಣ ತಿಳಿಸಲೇಬೇಕು. 'ಸಿಸ್ಟಂನಲ್ಲಿ ಅನರ್ಹ ಅಂತ ಬಂದಿದೆ' ಎಂದು ಹಿಂಬರಹ ಕೊಟ್ಟರೆ ಅದರಲ್ಲಿ ಕಾರಣವೇ ಇಲ್ಲ. ನೋಟಿಸ್ ಕೊಟ್ಟು, ಹೇಳಿಕೆ ಪಡೆದು, ಅಧಿಕಾರಿ ತಮ್ಮ ಮಾತಿನಲ್ಲಿ ಕಾರಣ ಬರೆದು ಸಹಿ ಹಾಕುವವರೆಗೆ ಒಂದು ತಿಂಗಳ ಹಣವೂ ನಿಲ್ಲಬಾರದು.

ತಪ್ಪು ಎಲ್ಲಿ ಹುಟ್ಟುತ್ತದೆ ಅಂದರೆ ಹೆಸರಿನಲ್ಲಿ. ನಾಯಕನಹಟ್ಟಿ ಸುತ್ತಿನ ಊರುಗಳಲ್ಲಿ ತಿಪ್ಪೇಸ್ವಾಮಿ ಎಷ್ಟು ಮಂದಿ ಅಂತ ನಿಮಗೆ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಒಬ್ಬರದು 'ಟಿಎಚ್' ಇಂದ ಶುರು, ಇನ್ನೊಬ್ಬರದು ಬರೀ 'ಟಿ'. ಕೊನೆಗೆ 'ವೈ' ಅಥವಾ 'ಐ'. ಪಹಣಿಯ 'ಬಿನ್' (ಇಂಥವರ ಮಗ), 'ಕೋಂ' (ಇಂಥವರ ಹೆಂಡತಿ) ಎರಡನ್ನೂ ಯಂತ್ರ ಹೆಸರಿನ ಭಾಗವೆಂದೇ ಓದಬಹುದು. ಆಗ ಸಂಬಳ ತೆಗೆದುಕೊಳ್ಳುವ ತಿಪ್ಪೇಸ್ವಾಮಿಯೂ ಪಿಂಚಣಿಯ ತಿಪ್ಪೇಸ್ವಾಮಿಯೂ ಒಬ್ಬರೇ ಆಗಿಬಿಡುತ್ತಾರೆ. ಜಮೀನಿನದೂ ಅದೇ ಕಥೆ: 2-20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, 40 ಗುಂಟೆಗೆ ಎಕರೆಯಾದ್ದರಿಂದ ಎರಡೂವರೆ ಎಕರೆ. ಅದನ್ನು 2.20 ಎಂದು ಓದಿದರೆ 12 ಗುಂಟೆ ಮಾಯ. ಆದ್ದರಿಂದ ಹೆಸರೊಂದೇ ಹೊಂದಿತು ಅಂತ ಯಾರನ್ನೂ ಅನುಮಾನದ ಪಟ್ಟಿಗೆ ಹಾಕಬೇಡಿ. ಜೊತೆಗೆ ಹುಟ್ಟಿದ ವರ್ಷ, ಗ್ರಾಮ, ತಂದೆ ಅಥವಾ ಗಂಡನ ಹೆಸರು ಇವುಗಳಲ್ಲಿ ಎರಡಾದರೂ ಕೂಡಬೇಕು.

'ಶೇ. 95 ನಿಖರ' ಎಂದು ಮಾರುವವರು ಹೇಳಿದರೆ ಈ ಲೆಕ್ಕ ಹಾಕಿ ನೋಡಿ. 10,000 ಪಿಂಚಣಿದಾರರಲ್ಲಿ ನಿಜಕ್ಕೂ ಅನರ್ಹರು 100 ಎಂದುಕೊಳ್ಳಿ. ಅವರಲ್ಲಿ 95 ಮಂದಿಯನ್ನು ಅದು ಹಿಡಿಯಿತು. ಉಳಿದ 9,900 ಅರ್ಹರಲ್ಲಿ ಶೇ. 5 ತಪ್ಪಿದರೂ 495 ಮಂದಿ ಸಿಕ್ಕಿಬಿದ್ದರು. ಪಟ್ಟಿಯಲ್ಲಿ 590 ಹೆಸರು, ಆರರಲ್ಲಿ ಐವರು ನಿರಪರಾಧಿಗಳು! ಸರ್ಕಾರಿ ನೆರವು ಹೆಚ್ಚಾಗಿ ಪಡೆದವರಿಂದ ಹಣ ವಾಪಸ್ ಕೇಳುವ ಆಸ್ಟ್ರೇಲಿಯಾದ ಯಂತ್ರ ವ್ಯವಸ್ಥೆ 'ರೋಬೋಡೆಟ್' ಕೆಟ್ಟದ್ದೂ ಲೆಕ್ಕದ ತಪ್ಪಿನಿಂದಲೇ: ವರ್ಷದ ಆದಾಯವನ್ನು ಹದಿನೈದು ದಿನಕ್ಕೊಂದರಂತೆ ಸಮನಾಗಿ ಹಂಚಿ, ಇಲ್ಲದ ಬಾಕಿಗೆ ಬಡವರ ಮನೆಗೆ ನೋಟಿಸ್ ಕಳಿಸಿದರು. 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್ (ತನಿಖಾ ಆಯೋಗ) ಅದನ್ನು ಕಟುವಾಗಿ ಖಂಡಿಸಿತು. ಒಂದೇ ಈರುಳ್ಳಿ ಬೆಳೆಯಲ್ಲಿ ವರ್ಷದ ದುಡ್ಡು ನೋಡುವ ನಮ್ಮ ರೈತರಿಗೆ ಅಂಥ ಸರಾಸರಿ ಇನ್ನೂ ಅಪಾಯ.

ಹಾಗಾಗಿ ಕೊಳ್ಳುವ ಮೊದಲು, ಈಗಾಗಲೇ ಸ್ಥಳ ತನಿಖೆಯಾಗಿ ತೀರ್ಮಾನವಾದ 200 ಹಳೇ ಕಡತ ಆರಿಸಿ, ಫಲಿತಾಂಶ ಮುಚ್ಚಿಟ್ಟು ತಂತ್ರಾಂಶಕ್ಕೆ ಕೊಡಿ. ಮಹಿಳೆಯರು, ತಾಂಡಾ–ಹಟ್ಟಿಗಳವರು, ಕೈಬರಹದ ಅರ್ಜಿಗಳು ಅದರಲ್ಲಿರಲಿ. ತಪ್ಪನ್ನು ಗುಂಪುವಾರು ಎಣಿಸಿ. ಆವೃತ್ತಿ ಬದಲಾದಾಗಲೆಲ್ಲ ಅದೇ 200ನ್ನು ಮತ್ತೆ ಓಡಿಸಿ.

ಪತ್ರ ಬರೆಯಲು ಚಾಟ್‌ಜಿಪಿಟಿಯಂಥವನ್ನು ಬಳಸುವ ಬಗ್ಗೆ: ಕಚೇರಿ ಕಂಪ್ಯೂಟರಿನಲ್ಲಿ ಅವು ಬೇಡವೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲೇ ತನ್ನ ಸಿಬ್ಬಂದಿಗೆ ಸೂಚಿಸಿದೆ. ಆಧಾರ್, ಖಾತೆ ಸಂಖ್ಯೆ, ಜಾತಿ, ಕಾಯಿಲೆ ಯಾವುದನ್ನೂ ಅಲ್ಲಿ ಹಾಕಬಾರದು.

ಕೊನೆಯದಾಗಿ, ಗ್ರಾಮ ಆಡಳಿತಾಧಿಕಾರಿಗೆ ಒಂದೇ ವಾರದಲ್ಲಿ 590 ಹೆಸರು ಕೊಟ್ಟರೆ ಅವರು ಮನೆಮನೆಗೆ ಹೋಗಲಾರರು, ಸಹಿ ಹಾಕಿ ಕಳಿಸುತ್ತಾರೆ. ದಿನಕ್ಕೆ ಹತ್ತು ಹೆಸರಿನ ಮಿತಿ ಹಾಕಿ. ತಿಂಗಳಿಗೊಮ್ಮೆ, ಅರ್ಹರೆಂದು ಖಚಿತವಾಗಿರುವ ಐದು ಹೆಸರನ್ನು ತಹಶೀಲ್ದಾರರ ಒಪ್ಪಿಗೆ ಪಡೆದು ಪಟ್ಟಿಯಲ್ಲಿ ಸೇರಿಸಿ. ಅವೂ 'ಅನರ್ಹ' ಎಂದು ವರದಿಯಾಗಿ ಬಂದರೆ, ಆ ತಿಂಗಳ ಪಟ್ಟಿಯಷ್ಟನ್ನೂ ಮತ್ತೆ ತನಿಖೆಗೆ ಕಳಿಸಿ.