ಬೆಂದ್ರು ತೀರ್ಥದ ನೀರಿನಿಂದ ಲಿಥಿಯಂ ತೆಗೆಯಬಹುದೇ?

ಪತ್ರ: ಮೊನ್ನೆ ಮನೆಯವರ ಜೊತೆ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರು ತೀರ್ಥಕ್ಕೆ ಹೋಗಿದ್ದೆ. ಹೊರದೇಶಗಳಲ್ಲಿ ನೆಲದೊಳಗಿನ ಬಿಸಿನೀರಿನಿಂದ ಬ್ಯಾಟರಿಯ ಲಿಥಿಯಂ ತೆಗೆಯಲು ಹೊರಟಿದ್ದಾರಂತೆ. ನಮ್ಮಲ್ಲೂ ಯಾಕೆ ಆಗಬಾರದು?
ಓದುಗರು, ಸುರತ್ಕಲ್

ಸಂಪಾದಕರ ಉತ್ತರ:

ಬೆಂದ್ರು ತೀರ್ಥದಿಂದ ಅಂಥ ನಿರೀಕ್ಷೆ ಬೇಡ. ಅಲ್ಲಿನ ನೀರು 40 ಡಿಗ್ರಿಯ ಆಸುಪಾಸಿನದು, ಸ್ನಾನಕ್ಕೆ ಹಿತವಾದದ್ದು. ಬಂಡೆಯಿಂದ ಲೋಹ ಕರಗಿಸಿ ತರಬೇಕಾದರೆ ನೀರು ಇನ್ನೂ ಎಷ್ಟೋ ಪಟ್ಟು ಬಿಸಿಯಾಗಿರಬೇಕು, ಉಪ್ಪಾಗಿಯೂ ಇರಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ಜಾಸ್ತಿ ಇದ್ದರೆ ಸತು, ಮ್ಯಾಂಗನೀಸ್‌ನಂಥ ಲೋಹಗಳು ಅದರ ಜೊತೆ ಕೂಡಿಕೊಂಡು ನೀರಿನಲ್ಲೇ ಉಳಿಯುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಟನ್ ಸೀ ಎಂಬ ಉಪ್ಪುನೀರಿನ ಸರೋವರದ ಪ್ರದೇಶವನ್ನೇ ನೋಡಿ. ಅಲ್ಲಿ ನೆಲದಾಳದ ನೀರು ಸುಮಾರು 300 ಡಿಗ್ರಿ ಬಿಸಿ. ತೂಕದ ಕಾಲು ಭಾಗದಷ್ಟು ಕರಗಿದ ಉಪ್ಪು. ಲೀಟರಿಗೆ ಸುಮಾರು 200 ಮಿಲಿಗ್ರಾಂ ಲಿಥಿಯಂ. ಅಂದರೆ 1000 ಲೀಟರ್ ನೀರಿನಿಂದ ಎಲ್ಲವನ್ನೂ ತೆಗೆದರೂ 200 ಗ್ರಾಂ ಲಿಥಿಯಂ, ಅದರಿಂದ ಬ್ಯಾಟರಿಯ ಕಚ್ಚಾವಸ್ತುವಾದ ಲಿಥಿಯಂ ಕಾರ್ಬೊನೇಟ್ ಸುಮಾರು ಒಂದು ಕಿಲೋ. ಅದೇ ನೀರಿನಲ್ಲಿ ಸೋಡಿಯಂ ಇದರ ನೂರಾರು ಪಟ್ಟು ಇದೆ. ಆ ರಾಶಿಯೊಳಗಿಂದ ಲಿಥಿಯಂ ಒಂದನ್ನೇ ಹೆಕ್ಕುವುದು ಸುಲಭವಲ್ಲ, ಅಲ್ವಾ? ಅಲ್ಯೂಮಿನಿಯಂ, ಮ್ಯಾಂಗನೀಸ್ ಅಥವಾ ಟೈಟಾನಿಯಂ ಇರುವ ವಿಶೇಷ ಪುಡಿಗಳು ಲಿಥಿಯಂ ಅನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ನೀರು ಇಲ್ಲವೇ ಆಮ್ಲದಿಂದ ತೊಳೆದು ಅದನ್ನು ಬಿಡಿಸಿಕೊಳ್ಳುತ್ತಾರೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಲೆನೋವು ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ. ಆಳದ ಬಿಸಿಯಲ್ಲಿ ಅದು ಧಾರಾಳವಾಗಿ ಕರಗಿರುತ್ತದೆ. ನೀರು ಮೇಲೆ ಬಂದು ತಣಿಯುತ್ತಿದ್ದಂತೆ, ಬೆಲ್ಲದ ಪಾಕ ಆರಿ ಗಟ್ಟಿಯಾಗುವ ಹಾಗೆ, ಪೈಪಿನೊಳಗೆ ಪದರ ಕಟ್ಟುತ್ತದೆ. ಲಿಥಿಯಂ ಹಿಡಿಯುವ ಪುಡಿಯನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಮೊದಲು ಸಿಲಿಕಾ, ಕಬ್ಬಿಣ ತೆಗೆಯಬೇಕು. ಉಳಿದ ನೀರನ್ನು ಮತ್ತೆ ಆಳಕ್ಕೇ ಇಳಿಸಬೇಕು. ಅದರಲ್ಲಿ ಆರ್ಸೆನಿಕ್‌ನಂಥ ವಿಷವೂ ಇರುವುದರಿಂದ ಸುಮ್ನೆ ಹೊಳೆಗೆ ಬಿಡುವಂತಿಲ್ಲ. ಸಾಲ್ಟನ್ ಸೀಯಲ್ಲೇ 2000ದ ದಶಕದ ಆರಂಭದಲ್ಲಿ ಇದೇ ಬಿಸಿನೀರಿನಿಂದ ಸತು ತೆಗೆಯುವ ಘಟಕ ಶುರುವಾಗಿ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಹಾಗೆಂದು ಬಿಸಿನೀರಿನಿಂದ ಕಚ್ಚಾವಸ್ತು ತೆಗೆಯುವುದು ಇಂದು ನಿನ್ನೆ ಹುಟ್ಟಿದ ಕನಸಲ್ಲ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1818ರಲ್ಲೇ ಬಿಸಿನೀರಿನಿಂದ ಬೋರಿಕ್ ಆಮ್ಲ ತೆಗೆಯುವ ಉದ್ಯಮ ಹುಟ್ಟಿತು. ನೆಲದ ಹಬೆಯಿಂದ ಅಲ್ಲಿ ಬಲ್ಬು ಉರಿದದ್ದು 1904ರಲ್ಲಿ. ಕಚ್ಚಾವಸ್ತು ಮೊದಲು, ವಿದ್ಯುತ್ ಆಮೇಲೆ! ನಮ್ಮ ದೇಶದಲ್ಲಿ ಇಂಥ ಆಸೆ ಇಟ್ಟುಕೊಳ್ಳುವುದಾದರೆ ಲಡಾಖಿನ ಪುಗಾ ಕಣಿವೆಯತ್ತ ನೋಡಬೇಕು. ಅಲ್ಲಿನ ಬುಗ್ಗೆಗಳ ಸುತ್ತ ಬೊರಾಕ್ಸ್ (ಬೋರಿಕ್ ಆಮ್ಲ ತಯಾರಿಸಬಹುದಾದ ಖನಿಜ), ಗಂಧಕ ತಾನಾಗಿ ಕಟ್ಟಿಕೊಂಡಿವೆ.

ಇರ್ದೆಯಲ್ಲಿ ಕೊಳವೆಬಾವಿ ಕೊರೆಯುವ ಯೋಚನೆಯನ್ನು ಮಾತ್ರ ಯಾರೂ ಮಾಡದಿರಲಿ. ಒರತೆಯ ದಾರಿ ತಪ್ಪಿದರೆ ತೀರ್ಥವೇ ಬತ್ತಬಹುದು. ನೀರಿನ ಗುಣ ತಿಳಿಯಲು ಎರಡು ಬಾಟಲಿ ಸಾಕು. ಒಂದರಲ್ಲಿ ಸೋಸಿದ ನೀರಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸಿಡಬೇಕು, ಲೋಹಗಳ ಪರೀಕ್ಷೆಗೆ. ಇನ್ನೊಂದರಲ್ಲಿ ಆಮ್ಲ ಹಾಕದ ನೀರು, ಕ್ಲೋರೈಡ್‌ಗೆ. ಆಮ್ಲದ ಕೆಲಸ ತಿಳಿದವರೇ ಮಾಡಲಿ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರನ್ನು ಕೇಳಿ ನೋಡಿ. ಫಲಿತಾಂಶ ಬಂದರೆ ನಮಗೂ ಕಳಿಸಿ, ಪ್ರಕಟಿಸುತ್ತೇವೆ.