ಸಂಪಾದಕರ ಉತ್ತರ: ಕೊನೊಂಗೊದ ಹುಡುಗನ ಹಾಡಿನ ಬೇರು

ಮಾನ್ಯರೆ,

ಘಾನಾದ ಯುವ ರ‍್ಯಾಪ್ ಗಾಯಕ ಬ್ಲ್ಯಾಕ್ ಶೆರಿಫ್ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ರ‍್ಯಾಪ್ ಅಮೆರಿಕದ ನಗರಗಳಲ್ಲಿ ಹುಟ್ಟಿದ್ದರಿಂದ ಆತನ ಹಾಡಿಗೆ ನೆಲದ ಬೇರಿದೆ ಎನ್ನುವುದು ಬರೀ ಅಲಂಕಾರದ ಮಾತೆಂಬುದು ತಮ್ಮ ಮೊದಲ ಆಕ್ಷೇಪ; ಮೊಬೈಲಿನ ಕೃಪೆಯಿಂದ, ಒಂದೇ ಹಾಡಿಗೆ ಬಂದ ಹೆಸರಿಗೆ ಅಷ್ಟು ಪುಟಗಳೇಕೆ ಎಂಬುದು ಎರಡನೆಯದು.

ಲಯ ಹೊರಗಿನಿಂದ ಬಂದದ್ದು ನಿಜ. ಡ್ರಿಲ್ ಎಂಬ ಗಡಸು ಬಗೆಯ ರ‍್ಯಾಪ್ ಷಿಕಾಗೊದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ರೂಪ ಬದಲಿಸಿಕೊಂಡು, 2020ರ ಹೊತ್ತಿಗೆ ಘಾನಾದ ಕುಮಾಸಿ ನಗರದ ಹುಡುಗರ ಬಾಯಲ್ಲಿ ನೆಲೆಗೊಂಡಿತ್ತು. ಅವರು ಅದಕ್ಕಿಟ್ಟ ಹೆಸರು ‘ಅಸಕಾ’. ಟ್ವಿ ಭಾಷೆಯಲ್ಲಿ ‘ಕಸಾ’ ಎಂದರೆ ಮಾತಾಡು. ಅದರ ಅಕ್ಷರಗಳನ್ನು ತಿರುಗಿಸಿದಾಗ ಹುಟ್ಟಿದ ಪದವಿದು. ಎರವಲು ತಂದ ಲಯಕ್ಕೆ ಮೊದಲು ತಮ್ಮ ನುಡಿಯಲ್ಲಿ ನಾಮಕರಣ ಮಾಡಿದವರನ್ನು ಅನುಕರಣೆ ಮಾಡುವವರೆಂದು ಕರೆಯಲು ನನಗೆ ಮನಸ್ಸಾಗದು.

ಕುಮಾಸಿ ಇರುವ ಅಶಾಂತಿ ಪ್ರಾಂತದಲ್ಲೇ ಚಿನ್ನದ ಗಣಿಗಳ ಊರು ಕೊನೊಂಗೊ ಇದೆ. ಶೆರಿಫ್ ಅಲ್ಲಿ 2002ರ ಜನವರಿ 9ರಂದು, ಬುಧವಾರ, ಹುಟ್ಟಿದ. ವಾರವನ್ನೇಕೆ ಹೇಳಿದೆನೆಂದರೆ, ಟ್ವಿ ಮಾತಾಡುವ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಅದರ ಹೆಸರಾಗುತ್ತದೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಹೆಸರಿನ ಕೋಫಿ ಶುಕ್ರವಾರದವನು, ಬುಧವಾರದವನು ಕ್ವಾಕು. ಮೊಹಮ್ಮದ್ ಇಸ್ಮಾಯಿಲ್ ಶರೀಫ್ ಕ್ವಾಕು ಫ್ರಿಂಪಾಂಗ್ ಎಂಬ ಆತನ ಪೂರ್ಣ ಹೆಸರಿನಲ್ಲಿ ಇಸ್ಲಾಂ ಮತ್ತು ಅಕಾನ್ ಸಂಪ್ರದಾಯ ಅಕ್ಕಪಕ್ಕದಲ್ಲಿ ಕುಳಿತಿವೆ. ಆತ ಬೆಳೆದ ಕೇರಿಯ ಹೆಸರು ಜೊಂಗೊ. ದೂರದಿಂದ ಬಂದ ವರ್ತಕರು ಬೀಡುಬಿಡುವ ಜಾಗಕ್ಕೆ ಹೌಸಾ ಭಾಷೆಯಲ್ಲಿ ಇರುವ ಈ ಪದ, ಉತ್ತರದಿಂದ ಬಂದು ನೆಲೆಸಿದ ಮುಸ್ಲಿಂ ಕುಟುಂಬಗಳ ಕೇರಿಗಳಿಗೆ ಘಾನಾದ ಊರೂರಲ್ಲೂ ಉಳಿದುಕೊಂಡಿದೆ. ಆತ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ತಂದೆತಾಯಿ ದುಡಿಮೆಗಾಗಿ ಗ್ರೀಸ್ ದೇಶಕ್ಕೆ ಹೊರಟರು. ಹುಡುಗ ಬಂಧುಗಳ ಆಸರೆಯಲ್ಲಿ ಉಳಿದ.

ಇಷ್ಟು ತಿಳಿದ ಮೇಲೆ, 2022ರ ಮಾರ್ಚ್ ಕೊನೆಗೆ ಬಂದ ‘ಕ್ವಾಕು ದ ಟ್ರಾವೆಲರ್’ ಹಾಡಿನ ಹೆಸರನ್ನೊಮ್ಮೆ ನೋಡಿ: ಪಯಣಿಗ ಕ್ವಾಕು. ವಲಸಿಗರ ಕೇರಿಯಲ್ಲಿ, ವಲಸೆ ಹೋದವರ ಮಗನಾಗಿ ಬೆಳೆದವನು ತಾನು ಎಡವಿದ್ದನ್ನು ಮುಚ್ಚಿಡದೆ ಒಪ್ಪಿಕೊಂಡು ಹಾಡಿದ್ದಾನೆ. ಆ ಹೆಸರಿನ ಎರಡು ಪದಗಳಲ್ಲೇ ಆತನ ಊರೂ ಮನೆಯೂ ಇವೆ. ಬೇರೆಂದು ನಾವು ಕರೆದದ್ದು ಇದನ್ನೇ.

ಎರಡನೆಯ ಆಕ್ಷೇಪದಲ್ಲಿ ನಮ್ಮ ತಪ್ಪೂ ಸೇರಿದೆ. ‘ರಾತ್ರೋರಾತ್ರಿ ಪ್ರಸಿದ್ಧನಾದ’ ಎಂದು ಲೇಖನದಲ್ಲಿ ಬರೆದದ್ದು ಸರಿಯಲ್ಲ. ತಾವು ಒಂದೇ ಹಾಡೆಂದು ತಿಳಿಯಲು ಅದೇ ಕಾರಣವಾಗಿರಬೇಕು. ‘ಫಸ್ಟ್ ಸರ್ಮನ್’, ‘ಸೆಕೆಂಡ್ ಸರ್ಮನ್’ ಎಂಬ ಹಾಡುಗಳು 2021ರಲ್ಲೇ ಘಾನಾದ ಬೀದಿಬೀದಿಯಲ್ಲಿ ಕೇಳಿಸುತ್ತಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ನೈಜೀರಿಯಾದ ಹೆಸರಾಂತ ಗಾಯಕ ಬರ್ನಾ ಬಾಯ್ ಎರಡನೆಯದಕ್ಕೆ ದನಿಗೂಡಿಸಿದರು. ಮುಂದೆ ಪಯಣಿಗನ ಹಾಡು ಘಾನಾದಲ್ಲಷ್ಟೇ ಅಲ್ಲ, ನೈಜೀರಿಯಾದಲ್ಲಿಯೂ ಆ್ಯಪಲ್ ಮ್ಯೂಸಿಕ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2022ರ ಅಕ್ಟೋಬರ್‌ನಲ್ಲಿ ಮೊದಲ ಆಲ್ಬಂ ಬಂತು. 2023ರಲ್ಲಿ ಘಾನಾದ ವರ್ಷದ ಕಲಾವಿದ ಪ್ರಶಸ್ತಿ ಆತನಿಗೆ ಸಂದಿತು.

ಟ್ವಿ ಬಾರದ ನೈಜೀರಿಯನ್ನರು ಕೇಳಿದ್ದಾದರೂ ಏನನ್ನು ಎಂದು ತಾವು ಪತ್ರದ ಕೊನೆಗೆ ಕೇಳಿದ್ದೀರಿ. ಆತ ಟ್ವಿ ಜೊತೆಗೆ ಬೆರೆಸುವ ಪಿಜಿನ್ ಇಂಗ್ಲಿಷು ಎರಡೂ ದೇಶಗಳ ಸಂತೆಮಾತು. ಅರ್ಧ ಉತ್ತರ ಅಲ್ಲಿದೆ. ಉಳಿದರ್ಧ ಆತನ ದನಿಯಲ್ಲಿದೆ ಎಂದು ನನ್ನ ನಂಬಿಕೆ. ಡ್ರಿಲ್ ಗಾಯಕರು ಸಾಮಾನ್ಯವಾಗಿ ಮಾತನ್ನು ಒರಟಾಗಿ ಒಗೆಯುತ್ತಾರೆ. ಈತ ಸಾಲಿನ ಕೊನೆಯ ಸ್ವರವನ್ನು ಎಳೆದು, ಗಂಟಲು ಬಿಗಿದವನಂತೆ, ಗೋಳನ್ನೂ ಪ್ರಾರ್ಥನೆಯನ್ನೂ ಒಟ್ಟಿಗೆ ಹೇಳುತ್ತಾನೆ. ದಯಮಾಡಿ 2021ರ ಆ ಎರಡು ಹಾಡುಗಳನ್ನು ಮೊದಲು ಕೇಳಿ, ಅನಂತರ ಪಯಣಿಗನ ಹಾಡಿಗೆ ಬನ್ನಿ. ಆಮೇಲೂ ಆಕ್ಷೇಪ ಉಳಿದರೆ ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ