‘ಆರಿಸಿಕೊಂಡವರೊಳಗ ನಾ ಇಲ್ಲ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಮೂವತ್ತರ ಆಸುಪಾಸು. ಮದುವೆಯಾದ ಮೇಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ನಿದ್ದೆ ಬರುತ್ತಿಲ್ಲ ಎಂದು ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಒಳಗಿನದು ಹೊರಬಿತ್ತು: “ಮೇಡಂ, ಯಾರನ್ನ ಉಳಸಬೇಕು ಅಂತ ದೇವ್ರು ಲೋಕ ಹುಟ್ಟೂಕಿಂತ ಮೊದ್ಲ ಆರಿಸಿ ಇಟ್ಟಾನಂತ. ಅದರೊಳಗ ನಾ ಇಲ್ಲ.”

ಪ್ರಾರ್ಥನಾ ಕೂಟದಲ್ಲಿ ಬೈಬಲಿನಿಂದ ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ ಓದಿ ವಿವರಿಸಿದ್ದರಂತೆ. ಅಂದಿನಿಂದ ಇವರು ಒಂದು ನೋಟ್‌ಬುಕ್ ಇಟ್ಟಿದ್ದರು. ತಾರೀಖು, ಅದರ ಪಕ್ಕ ‘ಕಣ್ಣೀರು ಬಂತು’ ಅಥವಾ ‘ಬರಲಿಲ್ಲ’. ಮೊದಲ ಪುಟಗಳಲ್ಲಿ ದಿನಕ್ಕೊಂದು ಸಾಲು, ಕೊನೆಯ ಪುಟಗಳಲ್ಲಿ ಒಂದೇ ದಿನಕ್ಕೆ ಐದಾರು. ಪ್ರಾರ್ಥನೆಯಲ್ಲಿ ಅಳು ಬರದಿದ್ದರೆ ದೇವರು ಕೈಬಿಟ್ಟಿದ್ದಾನೆ ಎಂಬ ಲೆಕ್ಕ. ಅದನ್ನು ಓದುತ್ತಾ ನನಗೆ ಸಂಕಟವಾಯಿತು.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಪ್ರಕರಣದಲ್ಲಿ ಆ ಪ್ರಶ್ನೆ ತಪ್ಪಿಸಬಾರದು. “ಸತ್ತರ ಎಲ್ಲಿಗೆ ಹೋಗತೀನಿ ಅನ್ನೂದ ಅಂಜಿಕಿ,” ಅಂದರು.

ರಕ್ಷಣೆ, ಅಂದರೆ ದೇವರು ಉಳಿಸುವುದು, ಎಲ್ಲರಿಗೋ ಕೆಲವರಿಗೋ ಎಂಬ ಜಗಳ ಹಳೆಯದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಚ್ಛೆ ಎನ್ನುತ್ತದೆ. ಪ್ರೊಟೆಸ್ಟೆಂಟರಲ್ಲೇ ಮೆಥಡಿಸ್ಟರು ಅದನ್ನು ಹಿಡಿದರು, ಕ್ಯಾಲ್ವಿನ್ ಪಂಥದವರು ದೇವರು ಕೆಲವರನ್ನು ಮೊದಲೇ ಆರಿಸಿದ್ದಾನೆ ಎಂಬ ‘ಆಯ್ಕೆ’ಯ ಬೋಧನೆಯನ್ನು ಹಿಡಿದರು. 1618–19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾರ್ಟ್ ಊರಲ್ಲಿ ಸೇರಿದ ಕ್ಯಾಲ್ವಿನ್ ಪಂಥದ ಚರ್ಚುಗಳ ಸಭೆ ಆಯ್ಕೆಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ಅದೇ ತೀರ್ಪಿನ ಒಂದು ಕಲಮು ಇವರಿಗಾಗಿಯೇ ಬರೆದಂತಿದೆ: ಗಟ್ಟಿ ನಂಬಿಕೆ ಇನ್ನೂ ಅನುಭವಕ್ಕೆ ಬಾರದಿದ್ದರೂ ದೇವರ ವಾಕ್ಯ, ಪ್ರಾರ್ಥನೆ ಬಿಡದವರು ಹೆದರಬೇಕಿಲ್ಲ, ತಮ್ಮನ್ನು ತಳ್ಳಲ್ಪಟ್ಟವರಲ್ಲಿ ಎಣಿಸಿಕೊಳ್ಳಬಾರದು. ಅದನ್ನು ಓದಿ ಹೇಳಿದಾಗ, “ಕೂಟದಾಗ ಇದನ್ನ ಹೇಳಲೇ ಇಲ್ಲಲ್ಲ ಮೇಡಂ” ಎಂದು ಅತ್ತರು. ಆಯ್ಕೆಯನ್ನು ಬೋಧಿಸುವವರು ಈ ಭಾಗವನ್ನೂ ಬೋಧಿಸಲೇಬೇಕು.

ಆದರೂ ಬೈಬಲ್ ವಚನ ತೋರಿಸಿ ಸಮಾಧಾನ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಗಂಡ, ಸಭಾಪಾಲಕರು (ಪಾಸ್ಟರ್), ಅಕ್ಕ ಎಲ್ಲರೂ ದಿನಾ ಧೈರ್ಯ ಹೇಳುತ್ತಿದ್ದರು. ಅದು ಒಂದು ತಾಸು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಅದೇ ಪ್ರಶ್ನೆ. ಈ ಮರುಪರೀಕ್ಷೆಯೇ ಅಂಜಿಕೆಗೆ ಗೊಬ್ಬರ. ಹಾಗಾಗಿ ನೋಟ್‌ಬುಕ್ ಬಂದ್. ಪ್ರಾರ್ಥನೆ ಬೆಳಿಗ್ಗೆ, ರಾತ್ರಿ ಮಾತ್ರ, ಅಳು ಬರಲಿ ಬಿಡಲಿ. ಪ್ರಶ್ನೆ ಎದ್ದಾಗ ಯಾರನ್ನೂ ಕೇಳದೆ ಕೈಯಲ್ಲಿರುವ ಹೊಲಿಗೆ ಮುಂದುವರಿಸುವುದು. ಮನೆಯವರೂ “ಇದಕ್ಕೆ ಉತ್ತರ ಆಗಲೇ ಕೊಟ್ಟಾಗಿದೆ” ಎಂದಷ್ಟೇ ಹೇಳುವುದು. ಗೀಳು ಕಾಯಿಲೆಯ ಲಕ್ಷಣವಿದ್ದುದರಿಂದ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಲು ಹೇಳಿದೆ.

ನಿದ್ದೆ ಸುಧಾರಿಸಿದ ಮೇಲೆ ಇನ್ನೊಂದು ನೋವು ಹೇಳಿಕೊಂಡರು. ತಂದೆ ಹುಲಿಗೆಮ್ಮನ ಭಕ್ತರು, ದೀಕ್ಷಾಸ್ನಾನವಿಲ್ಲದೆ ತೀರಿಕೊಂಡಿದ್ದರು. ಅವರ ಗತಿ? ಸುವಾರ್ತೆಯನ್ನು (ಕ್ರಿಸ್ತನ ಸಂದೇಶವನ್ನು) ತಮ್ಮದಲ್ಲದ ಕಾರಣಕ್ಕೆ ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸಿದವರಿಗೂ ರಕ್ಷಣೆ ಸಾಧ್ಯ ಎಂದು ಕ್ಯಾಥೊಲಿಕ್ ಚರ್ಚು 1964ರಲ್ಲಿ ಹೇಳಿದೆ; ಇದನ್ನು ಒಪ್ಪದ ಚರ್ಚುಗಳೂ ಇವೆ. ತೀರ್ಪು ಕೊಡುವ ಅಧಿಕಾರ ನನಗಿಲ್ಲ ಎಂದೆ. ಇದು ಗೀಳಲ್ಲ, ದುಃಖ. ಇದನ್ನು ಅದುಮಿಡಬೇಡಿ, ಸಭಾಪಾಲಕರ ಮುಂದೆ ಬಾಯಿಬಿಟ್ಟು ಕೇಳಿ ಎಂದೆ. ಮುಂದಿನ ಭೇಟಿಗಳಲ್ಲಿ ನಾವು ಹೆಚ್ಚಾಗಿ ಅವರ ತಂದೆಯ ಬಗ್ಗೆಯೇ ಮಾತಾಡುತ್ತಿದ್ದೇವೆ.